ಚೌಕ ಗಂಡು, ದುಂಡು ಹೆಣ್ಣು

ಬೆಳಗಾವಿ ದವಾಖಾನಿ, ಮೂರನೇ ಮಜಲಿ.
ಮೇಜಿನ ಮ್ಯಾಲೆ ಹಾಳಿ ಹಾಸಿ ನಿಲೋಫರ್ ಬಾಯಾರು
ಪೆನ್ಸಿಲ್ ಹಿಡಿದು ಕೇಳಿದರು:
ನಿಮ್ಮಪ್ಪ? ಅವರಪ್ಪ? ಯಾವ ವಯಸ್ಸಿಗೆ? ಏನಾಗಿ?
ಚೌಕ ಅಂದರ ಗಂಡು, ದುಂಡು ಅಂದರ ಹೆಣ್ಣು,
ಬ್ಯಾನಿ ಬಂದವರ ಒಡಲು ಕಪ್ಪು,
ಬರಬಹುದಾದವರದು ಅರ್ಧ ಕಪ್ಪು,
ಹೋದವರ ಮೈಮ್ಯಾಲೆ ಒಂದು ಓರೆ ಗೆರಿ.
ನನಗ ಗೊತ್ತಿದ್ದದ್ದು ಎರಡು ಚೌಕ, ಒಂದು ದುಂಡು.
ಮ್ಯಾಲೆಲ್ಲ ಬಿಳಿ.

"ಹೆಳವ ಬರತಾನ, ಕೇಳತೀನಿ" ಅಂದೆ.
"ಯಾರವ?"
"ನಮ್ಮ ಮನೆತನ ಬಾಯಿಪಾಠ ಮಾಡಿದವ."

ಸುಗ್ಗಿ ಮುಗಿದ ಮ್ಯಾಲೆ ಬಂದ ಭರಮಪ್ಪ.
ಎತ್ತು ಇಲ್ಲ ಈಗ, ಹೊಗಿ ಉಗುಳುವ ಹಳೇ ಗಾಡಿ;
ಹ್ಯಾಂಡಲ್ಲಿಗೆ ಕಟ್ಟಿದ ಗಂಟೆ ಮಾತ್ರ ಅವರಜ್ಜನದು.
ಕಟ್ಟಿಮ್ಯಾಲೆ ಕುಂತು, ಪುಸ್ತಕ ಬಿಚ್ಚಿ ರಾಗ ಎಳೆದ:
ನಿರ್ವಾಣಪ್ಪನ ಮಗ ಬಾಳಪ್ಪ,
ಬಾಳಪ್ಪನ ತಮ್ಮ ಸಿದಗೌಡ, ಏಳು ಎತ್ತಿನ ಒಕ್ಕಲುತನ...
ತಡೆದೆ. "ಏನಾಗಿ ಸತ್ತರು ಹೇಳೋ ಕಾಕಾ."

ರಾಗ ನಿಂತಿತು.
ಹೊಗಳಿದ್ದಕ್ಕ ಕಾಳು ಕೊಡತಾರ, ಇದಕ್ಕಲ್ಲ.
ಆಮ್ಯಾಲೆ, ಅಂಚಿನಾಗ ಅವರಜ್ಜ ಬರೆದ ಇರುವಿ ಅಕ್ಷರ
ಕಣ್ಣು ಕಿರಿದು ಮಾಡಿ ಓದಿದ:
ಬಾಳಪ್ಪ, ಹೊಟ್ಟಿಬ್ಯಾನಿ, ನಲವತ್ತೊಂದು.
ಸಿದಗೌಡ, ರಕ್ತ ಬಿದ್ದು, ನಲವತ್ನಾಲ್ಕು.
ಅಪ್ಪನದು ನಾನೇ ಹೇಳಿದೆ:
ದೊಡ್ಡಕರುಳು, ಮೂವತ್ತೊಂಬತ್ತು.
ಊರವರು ಮಾಟ ಅಂದಿದ್ದರು. ಬಾವಿ ನೀರು ಅಂದಿದ್ದರು.
ಈ ಮನಿಯವರು ಖಾರ ಬಾಳ ತಿಂತಾರ ಅಂತಲೂ ಅಂದಿದ್ದರು.

"ಹೆಣ್ಣುಮಕ್ಕಳು?"
"ಕೊಟ್ಟ ಮ್ಯಾಲೆ ಅವರು ಬ್ಯಾರೆ ಪುಸ್ತಕದವರು ತಂಗಿ."
ಬ್ಯಾರೆ ಪುಸ್ತಕದಾಗೂ ಇರಲಿಲ್ಲ ಅವರು.
ಫೋನು ಹಚ್ಚಿದೆ ರಾಮದುರ್ಗಕ್ಕ, ಅಥಣಿಗೆ, ಗಡಿಯಾಚೆ ಜತ್ತಕ್ಕ.
ಸೋದರತ್ತಿ ಗಂಗವ್ವನ ಸೊಸಿ ಮೊದಲು ಮಳಿ ಕೇಳಿದಳು,
ಎಮ್ಮಿ ಈದದ್ದು ಹೇಳಿದಳು,
ಕಡೀಗೆ ದನಿ ಇಳಿಸಿ:
"ಮುಟ್ಟು ನಿಂತ ಮ್ಯಾಲೂ ಹೋಗತಿತ್ತು. ಅರಿವಿ ತಾನೇ ಒಗೀತಿದ್ದಳು."
ಒಂದು ದುಂಡು ಕಪ್ಪಾತು.
ಹಿಂಗ ನಾಲ್ಕು.

ಬಾಯಾರು ಅಂದರು:
ಜೀವಕಣ ಒಂದು ಎರಡಾಗುವಾಗ
ಗ್ರಂಥ ಪೂರಾ ನಕಲು ಮಾಡತದ;
ನಕಲಿನಾಗ ತಪ್ಪು ಬೀಳತಾವ,
ಹುಡುಕಿ ತಿದ್ದಾಕ ಒಬ್ಬ ಗುಮಾಸ್ತ ಇರತಾನ.
ನಿಮ್ಮ ಮನೆತನದಾಗ ಗುಮಾಸ್ತನ ಹೆಸರಿನಾಗೇ
ಒಂದು ಅಕ್ಷರ ಬಿದ್ದದ.
ಯಾರ ಕಾಲಕ್ಕ ಬಿತ್ತು, ನಿರ್ವಾಣಪ್ಪನಿಗೂ ಗೊತ್ತಿರಲಿಕ್ಕಿಲ್ಲ.
ಮಕ್ಕಳಿಗೆ ಬರೂದು ರೂಪಾಯಿ ಚಿಮ್ಮಿದಂಗ.

ತಮ್ಮನಿಗೆ ಬಂದಿಲ್ಲ. ನನಗ ಬಂದದ.
ಹೊರಗ ಬಾಕಿನ ಮ್ಯಾಲೆ ಅವ
ಏನೋ ಕದ್ದವರಂಗ ಚಪ್ಪಲಿ ನೋಡಕೋತ ಕುಂತಿದ್ದ.
ಕುಂದಾ ಕೊಡಿಸಿದೆ. ಮುಟ್ಟಲಿಲ್ಲ.
ಇಬ್ಬರ ಪಾಲೂ ನಾನೇ ತಿಂದೆ.

ನಳಿಗಿ ಬಿಟ್ಟು ನೋಡಿದ ದಿನ ಸಿಕ್ಕದ್ದು
ಜೋಳದ ಕಾಳಿನಷ್ಟು ಗಂಟು. ತೆಗೆದರು.
ವರ್ಷಕ್ಕೊಮ್ಮೆ ಬರ್ರಿ ಅಂದರು.
ಒಂದು ಶೀಶೆ ರಕ್ತ ಸಂಶೋಧನೆಗೆ ಕೊಟ್ಟೆ,
ಅದರ ಮ್ಯಾಲೆ ಹೆಸರಿಲ್ಲ, ಬರೀ ಅಂಕಿ.
ಆರು ತಿಂಗಳ ಮ್ಯಾಲೆ ಬಾಯಾರ ಫೋನು:
ನಿಮ್ಮಲ್ಲಿ ಬಿದ್ದ ಅಕ್ಷರವೇ ಬಿದ್ದ ಇನ್ನೊಂದು ಮನಿ ಸಿಕ್ಕದ,
ಹೊಳಿ ಆಚೆ. ಜಾತಿ ಬ್ಯಾರೆ.
ನಕ್ಕೆ.
ಇದನ್ನ ಯಾವ ಹೆಳವ ಹಾಡಬೇಕು?

ಮೂರು ವರ್ಷಕ್ಕ ಮತ್ತ ಬಂದ ಭರಮಪ್ಪ.
ಪುಸ್ತಕ ಇಸಕೊಂಡು ನಾನೇ ಬರೆದೆ,
ಅಂಚಿನಾಗಲ್ಲ, ಸಾಲಿನ ನಡುವ:
ಗಂಗವ್ವ. ಶಾವಂತ್ರೆವ್ವ. ನೀಲವ್ವ. ತುಂಗವ್ವ.
ಕೆಳಗ ನನ್ನದು, ದುಂಡು ಸಮೇತ.
"ಇದನ್ನ ಹೆಂಗ ಓದಲಿ?" ಬೆರಳಿಟ್ಟು ಕೇಳಿದ.
"ಅರ್ಧ ಕಪ್ಪು, ಗೆರಿ ಇಲ್ಲ."
ರಾಗಕ್ಕ ಕೂಡಲಿಲ್ಲ. ಎರಡು ಸಲ ಅಂದು ನೋಡಿದ.

ಮೊರದಾಗ ಜೋಳ ತಂದು ಅವನ ಚೀಲಕ್ಕ ಸುರಿದೆ.
ಒಂದು ಕಾಳು ಹೊರಗ ಸಿಡಿತು.
ಕೋಳಿ ಓಡಿ ಬಂತು.